ನಲ್ಲಿಯಿಂದ ಮೂರನೇ ಬಾಗಿಲು

ಎಂಬತ್ತರ ದಶಕದ ಕೊನೆಯಲ್ಲಿ ನಾನು ಬ್ಯಾಂಕ್ ಪರೀಕ್ಷೆಗೆ ಓದುವುದನ್ನು ಬಿಟ್ಟು, ಸಾಕ್ಷ್ಯಚಿತ್ರ ಮಾಡುವವರ ಜೊತೆ ಮೈಕು ಹಿಡಿಯಲು ಹೋದೆ. ಚೆಂಬೂರಿನ ನಮ್ಮ ಮನೆಯಲ್ಲಿ ಸ್ವಲ್ಪ ದಿನ ಯಾರೂ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಅಮ್ಮ ಕೇಳಿದಳು, "ಹೀರೋ ಇಲ್ಲ, ಹಾಡಿಲ್ಲ, ಇಂಥ ಸಿನಿಮಾನ ಯಾರೋ ನೋಡ್ತಾರೆ?" ಅವಳು ಕೇಳಿದ್ದು ಸರಿಯಾಗಿಯೇ ಇತ್ತು. ಗುಡಿಸಲು ಕೆಡವಿದ್ದು, ಗಿರಣಿ ಮುಚ್ಚಿದ್ದು, ನೀರಿಗಾಗಿ ಹೆಂಗಸರು ಮೆರವಣಿಗೆ ಹೋದದ್ದು, ಎಲ್ಲವನ್ನೂ ಚಿತ್ರ ಮಾಡಿ ಯಾವುದೋ ಕಾಲೇಜಿನ ಹಾಲ್‌ನಲ್ಲಿ ತೋರಿಸುತ್ತಿದ್ದೆವು. ಬಂದವರಲ್ಲಿ ಅರ್ಧದಷ್ಟು ಜನ ತಾವೂ ಅಂಥದೇ ಚಿತ್ರ ಮಾಡುವವರು. ನೋಡಿ, ತಲೆದೂಗಿ, ಚಹಾ ಕುಡಿದು, ಲೋಕಲ್ ರೈಲು ಹಿಡಿದು ಮನೆಗೆ ಹೋಗುತ್ತಿದ್ದರು.

ನಮ್ಮ ನಿರ್ದೇಶಕಿ ಮಾತ್ರ ಒಂದು ನಿಯಮ ಇಟ್ಟುಕೊಂಡಿದ್ದರು. ಚಿತ್ರದಲ್ಲಿ ಯಾರಿದ್ದಾರೋ ಅವರೇ ಅದನ್ನು ಮೊದಲು ನೋಡಬೇಕು, ಅವರು ಬೇಡವೆಂದದ್ದನ್ನು ತೆಗೆದುಹಾಕಬೇಕು. ಈ ನಿಯಮದ ದೆಸೆಯಿಂದ ಬಾಡಿಗೆಯ ಟಿವಿ, ವಿಸಿಆರ್‌ಗಳನ್ನು ಕೈಗಾಡಿಯ ಮೇಲಿಟ್ಟು ಎಷ್ಟೋ ಗಲ್ಲಿಗಳಲ್ಲಿ ತಳ್ಳಿದ್ದೇನೆ. ನನಗೆ ಆಗೆಲ್ಲ ಸಿಟ್ಟು ಬರುತ್ತಿತ್ತು. ಆದರೂ ಅವರಷ್ಟು ಪ್ರಾಮಾಣಿಕರನ್ನು ನಾನು ಆ ಕಸುಬಿನಲ್ಲಿ ಕಂಡಿಲ್ಲ.

ತೊಂಬತ್ತೆರಡರಲ್ಲಿ ನಾವು ಧಾರಾವಿಯ ಕನ್ನಡದವರ ಬಗ್ಗೆ ಚಿತ್ರ ಮಾಡುತ್ತಿದ್ದೆವು. ಭಾಷೆ ಬರುತ್ತದೆಂದು ಜನರನ್ನು ಮಾತಾಡಿಸುವ ಕೆಲಸವೂ ನನ್ನ ತಲೆಗೇ ಬಿತ್ತು. ಮೈಸೂರು ಕಡೆಯ ನನ್ನ ಕನ್ನಡ ಆ ಗಲ್ಲಿಯಲ್ಲಿ ದೊಡ್ಡ ತಮಾಷೆ. ನಾನು ಬಾಯಿ ಬಿಟ್ಟರೆ ಸಾಕು, ಗುಲ್ಬರ್ಗದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದರು. ಅವರ ನಡುವೆ ನನ್ನನ್ನು ಕಾಪಾಡಿದವರು ಒಬ್ಬ ಕಾಕಾ. ಚರ್ಮದ ಚೀಲ ಹೊಲಿಯುತ್ತಿದ್ದರು. ಒಂದೇ ರೂಮು; ಮುಂದೆ ಹೊಲಿಗೆ ಮಿಶನ್, ಹಿಂದೆ ಸಂಸಾರ. ಗಲ್ಲಿಯ ಹೊರಗಿನವರಿಗೆ ಅವರು ಬರೀ ಕನ್ನಡದವರು. ಮುಸಲ್ಮಾನರೆಂದು ಅಕ್ಕಪಕ್ಕದವರಿಗೆ ಗೊತ್ತಿತ್ತು, ಆದರೆ ಅದು ಯಾರಿಗೂ ಮಾತಾಡುವ ವಿಷಯವಾಗಿರಲಿಲ್ಲ.

ಕ್ಯಾಮೆರಾದ ಮುಂದೆ ಕಾಕಾ ತಮ್ಮ ಬಾಗಿಲಲ್ಲೇ ನಿಂತು ತಮ್ಮ ಹೆಸರು, ಅಪ್ಪನ ಹೆಸರು, ಊರಿನ ಹೆಸರು ಹೇಳಿದರು. ಮೊಹರಮ್ಮಿಗೆ ಅವರ ಕಡೆ ಅಲಾಯಿ ಹಬ್ಬ ಎನ್ನುತ್ತಾರೆ. ಊರಲ್ಲಿ ಹಬ್ಬದ ದೇವರನ್ನು, ಅಂದರೆ ಪಂಜಾಗಳನ್ನು, ಹಿಡಿಯುವವರಲ್ಲಿ ಹಿಂದೂಗಳೇ ಹೆಚ್ಚು ಎಂದು ಹೇಳಿ, ಹಬ್ಬದ ಪದವೊಂದನ್ನು ಕನ್ನಡದಲ್ಲೇ ಹಾಡಿದರು. ಪಕ್ಕದ ಮನೆಯಾಕೆ ಹೊಸ್ತಿಲ ಮೇಲೆ ಅಕ್ಕಿ ಆರಿಸುತ್ತಾ ದನಿಗೂಡಿಸಿದಳು. ನಿರ್ದೇಶಕಿಯ ಕಣ್ಣಲ್ಲಿ ನೀರು ಬಂತು. ಈ ಕಾಲಕ್ಕೆ ಬೇಕಾದದ್ದು ಇದೇ ಎಂದರು.

ಕಾಲ ಕೆಟ್ಟಿತ್ತು. ಗೋಡೆಗಳ ಮೇಲೆ ದಿನಕ್ಕೊಂದು ಹೊಸ ಬರಹ ಕಾಣುತ್ತಿತ್ತು. ಬೆಳಗಿನ ಲೋಕಲ್‌ನಲ್ಲಿ ಭಜನೆಯವರ ದನಿ ಮೊದಲಿಗಿಂತ ಗಡುಸಾಗಿತ್ತು. ವರ್ಷಗಟ್ಟಲೆ ಜೊತೆಗೆ ನಿಂತು ಹೋಗುತ್ತಿದ್ದವರು ಈಗ ಅಕ್ಕಪಕ್ಕ ನೋಡಿ ಮಾತು ಶುರುಮಾಡುತ್ತಿದ್ದರು. ದೀಪ ಹಚ್ಚುವ ಹೊತ್ತಿಗೆ ಮನೆ ಸೇರು ಎಂದು ಅಮ್ಮ ಹೊಸದಾಗಿ ಹೇಳತೊಡಗಿದ್ದಳು.

ನವೆಂಬರಿನ ಒಂದು ಸಂಜೆ ನಿಯಮದ ಪ್ರಕಾರ ಗಲ್ಲಿಯ ನಲ್ಲಿಯ ಹತ್ತಿರ ಟಿವಿ ಇಟ್ಟೆವು. ಜನವೋ ಜನ. ತಮ್ಮ ಮುಖ ಕಂಡಾಗಲೆಲ್ಲ ಕೂಗಿ ನಕ್ಕರು. ಕಾಕಾ ಹಾಡಿದ್ದು ಬಂದಾಗ ಅವರ ಮಗಳು ನಾಚಿ ಅವ್ವನ ಬೆನ್ನ ಹಿಂದೆ ಮುಖ ಮುಚ್ಚಿಕೊಂಡಳು. ಚಿತ್ರ ಮುಗಿಯಿತು. ಹಿಂದೆ ನಿಂತಿದ್ದ ಇಬ್ಬರು ತರುಣರು ಮುಂದೆ ಬಂದರು. ಅವರು ಆ ಗಲ್ಲಿಯವರಲ್ಲ.

"ಮೇಡಂ, ಜರಾ ಪೀಛೆ ಲೇನಾ," ಎಂದ ಒಬ್ಬ, ಬಹಳ ಮರ್ಯಾದೆಯಿಂದ.

ನಿರ್ದೇಶಕಿಗೆ ಹಿಗ್ಗೋ ಹಿಗ್ಗು. ನಮ್ಮ ಚಿತ್ರವನ್ನು ಇನ್ನೊಮ್ಮೆ ತೋರಿಸಿ ಎಂದು ಅದುವರೆಗೆ ಯಾರು ಕೇಳಿದ್ದರು? ತಾವೇ ಗುಂಡಿ ಒತ್ತಿ ಕ್ಯಾಸೆಟ್ ಹಿಂದಕ್ಕೆ ತಿರುಗಿಸಿದರು. ಕಾಕಾ ಹಾಡುವುದು ಬಂದಾಗ ಅವನು, "ಬಸ್, ರೋಕೋ," ಎಂದ. ತೆರೆಯ ಮೇಲೆ ಕಾಕಾ ಬಾಯಿ ತೆರೆದುಕೊಂಡು, ನಡುಗುತ್ತ ನಿಂತುಬಿಟ್ಟರು. ಅವರ ಹಿಂದೆ ಬಾಗಿಲು ನಿಚ್ಚಳವಾಗಿ ಕಾಣುತ್ತಿತ್ತು. ನಲ್ಲಿಯಿಂದ ಮೂರನೆಯದಲ್ಲವೇ ಎಂದು ಅವನು ಜೊತೆಗಾರನನ್ನು ಮರಾಠಿಯಲ್ಲಿ ಕೇಳಿದ. ಜೊತೆಗಾರ ಕತ್ತೆತ್ತಿ ಗಲ್ಲಿಯ ಉದ್ದಕ್ಕೂ ನೋಡಿ, ಹೌದು ಎಂದ. ಥ್ಯಾಂಕ್ಯೂ ಹೇಳಿ ಇಬ್ಬರೂ ಹೊರಟುಹೋದರು. ಚಿತ್ರದಲ್ಲಿ ಅಕ್ಕಿ ಆರಿಸುತ್ತಿದ್ದ ಪಕ್ಕದ ಮನೆಯಾಕೆ ಎದ್ದು ಮನೆಯೊಳಗೆ ಹೋಗಿ ಚಿಲಕ ಹಾಕಿಕೊಂಡಳು.

ಕಾಕಾ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ನಂದು ತಗದುಬಿಡ್ರಿ ಸರ. ಬರೇ ಸಿನಿಮಾದಾಗಿಂದ ತಗದ್ರ ಸಾಲಲ್ಲ. ಎಲ್ಲೂ ಉಳೀಬಾರ್ದು ನೋಡ್ರಿ."

ಹಾಗೇ ಆಗಲಿ ಎಂದು ನಿರ್ದೇಶಕಿ ಮಾತು ಕೊಟ್ಟರು. ಮರುದಿನ ಎಡಿಟಿಂಗ್ ರೂಮಿಗೆ ಕಾಕಾನನ್ನೇ ಕರೆದು ಕೂರಿಸಿದರು. ಮೂಲ ಟೇಪು, ಎಡಿಟ್ ಆದ ಟೇಪು, ಗಲ್ಲಿಯಲ್ಲಿ ತೋರಿಸಿದ ಕ್ಯಾಸೆಟ್ಟು, ಒಂದೊಂದನ್ನೇ ಹಾಕಿ ಅವರಿದ್ದ ಕಡೆಯೆಲ್ಲ ಬರೀ ಕಪ್ಪನ್ನು ರೆಕಾರ್ಡ್ ಮಾಡಿದೆವು. ಕಾಕಾ ಆ ಕಪ್ಪು ತೆರೆಯನ್ನು ಕಣ್ಣು ಮಿಟುಕಿಸದೆ ನೋಡಿದರು. ಕೊನೆಗೆ ಚಹಾ ಕುಡಿದು, ಈಗ ಜೀವಕ್ಕೆ ಹಗುರಾಯಿತು ಎಂದರು.

ಡಿಸೆಂಬರಿನಲ್ಲಿ ಹಿಂದೂ-ಮುಸ್ಲಿಂ ಗಲಭೆಯಲ್ಲಿ ನಗರ ಹೊತ್ತಿಕೊಂಡಿತು. ಜನವರಿಯಲ್ಲಿ ಮತ್ತೆ. ನಮ್ಮ ಬಿಲ್ಡಿಂಗಿನ ಟೆರೇಸಿಗೆ ಹೋಗಿ ನೋಡಿದರೆ ಯಾವುದು ಹತ್ತಿರದ ತೈಲ ರಿಫೈನರಿಯ ಹೊಗೆ, ಯಾವುದು ಮನೆಗಳದ್ದು ಎಂದು ತಿಳಿಯುತ್ತಿರಲಿಲ್ಲ. ಕಾಕಾ ಮನೆಯವರನ್ನು ಕರೆದುಕೊಂಡು ಮೊದಲೇ ಭಾಂಡುಪ್‌ನ ನೆಂಟರ ಮನೆಗೆ ಹೋಗಿದ್ದರಿಂದ ಜೀವ ಉಳಿಯಿತು. ಮಿಶನ್, ರೇಶನ್ ಕಾರ್ಡು, ಮಗಳ ಪುಸ್ತಕ, ಎಲ್ಲ ಸುಟ್ಟುಹೋದವು. ಬಂದವರು ಆ ಇಬ್ಬರೇ ಎಂದು ನಾನು ಹೇಳಲಾರೆ. ಆದರೆ ಆ ಸಾಲಿನಲ್ಲಿ ಒಡೆದದ್ದು ಅದೊಂದೇ ಬಾಗಿಲು.

ಬೇಸಿಗೆ ಶುರುವಾಗುವ ಹೊತ್ತಿಗೆ ಕಾಕಾ ವಿಳಾಸ ಹುಡುಕಿಕೊಂಡು ನಮ್ಮ ಮನೆಗೆ ಬಂದರು. ಗಡ್ಡ ತೆಗೆಸಿದ್ದರು, ಗುರುತು ಹಿಡಿಯಲು ನನಗೆ ಒಂದು ಗಳಿಗೆ ಬೇಕಾಯಿತು. ಅಮ್ಮ ಕಾಫಿ ಕೊಟ್ಟಳು. ಅವರು ಲೋಟವನ್ನು ಮುಟ್ಟಲಿಲ್ಲ.

"ರೂಮಿಗೆ ಬ್ಯಾರೆ ಯಾರೋ ಬೀಗ ಹಾಕ್ಯಾರ್ರಿ. ನಾ ಅಲ್ಲಿದ್ದೆ ಅಂತ ಹೇಳೋರು ಯಾರೂ ಇಲ್ಲ. ಬಾಜೂ ಮನಿಯಾಕಿನೂ ನನ್ನ ನೋಡೇ ಇಲ್ಲ ಅಂತಾಳ. ಆಕಿಗೂ ಮಕ್ಕಳವ, ಅಂಜಿಕಿ ಇರ್ತದ. ಪರಿಹಾರ ಕೊಡೋ ಆಫೀಸಿನಾಗ ಸಾಕ್ಷಿ ತಗೊಂಡು ಬಾ ಅಂತಾರ. ಬಾಗಿಲಾಗ ನಿಂತು ನಾ ಹೆಸರು ಹೇಳೀನಲ್ಲ, ಆ ಸಿನಿಮಾ ಕೊಡ್ರಿ ಸರ."

"ಕಾಕಾ, ನಿಮ್ಮೆದುರಿಗೇ ಅಳಿಸಿದೆವಲ್ಲ."

"ಅಳಿಸಿದ್ದು ನೋಡೀನಿ. ಆದ್ರ ನೀವು ಸಿನಿಮಾ ಮಂದಿ. ಕೆಲಸಕ್ಕ ಬರ್ತದಂತ ಒಂದು ಕಾಪಿ ಮುಚ್ಚಿಟ್ಟೇ ಇರ್ತೀರಿ. ನಾ ಬೈಯಾಂವ ಅಲ್ಲ. ಕೊಡ್ರಿ."

ನಾನು ನಿರ್ದೇಶಕಿಗೆ ಫೋನ್ ಮಾಡಿದೆ. ಒಂದು ಚೂರೂ ಉಳಿಸಿಲ್ಲ, ಮಾತು ಕೊಟ್ಟಿದ್ದೆನಲ್ಲ ಎಂದು ಅವರು ಹೇಳಿದರು. ಹೇಳುತ್ತಲೇ ಅವರ ದನಿ ಕುಸಿಯಿತು. ನಾನು ರಿಸೀವರ್ ಇಟ್ಟು ಇಲ್ಲವೆಂದು ತಲೆಯಾಡಿಸಿದೆ. ಆಫೀಸಿಗೆ ನಾನೇ ಬಂದು ಹೇಳುತ್ತೇನೆ ಎಂದೆ. ಅದು ಅವರ ಕಿವಿಗೆ ಬಿದ್ದ ಹಾಗೆ ಕಾಣಲಿಲ್ಲ.

"ಇನ್ನೊಮ್ಮೆ ಕೇಳ್ರಿ ಸರ," ಎಂದರು ಕಾಕಾ. "ಮಾತು ತಪ್ಪೀನಿ ಅಂತ ಹೇಳಾಕ ಮೇಡಂ ಅವರಿಗೆ ನಾಚಿಕಿ ಬಂದಿರಬಹುದು. ತಪ್ಪಿದ್ರ ಚಲೋ ಆತು ಅಂತ ನಾನು ಹೇಳೀನಿ ಅನ್ರಿ."

ಅಮ್ಮ ನನ್ನ ಮುಖ ನೋಡುತ್ತಿದ್ದಳು. ಉತ್ತರ ಗೊತ್ತಿದ್ದೂ ನಾನು ಮತ್ತೆ ಫೋನ್ ತಿರುಗಿಸಿದೆ.