ದೇವಿಯ ಟೆಂಪೋಗೆ ಗುದ್ದಿದ ದಿನ

ಅಪಘಾತವಾದರೆ ಏನು ಮಾಡಬೇಕೆಂಬುದು ನನಗೆ ಬಾಯಿಪಾಠ. ಡ್ರೈವಿಂಗ್ ಶಾಲೆಯಲ್ಲಿ ಕಲಿತದ್ದನ್ನು ಕೇಳಿದವರಿಗೂ ಕೇಳದವರಿಗೂ ಹೇಳಿ ತಲೆ ತಿಂದವಳು ನಾನು. ಎಂಜಿನ್ ಆರಿಸಬೇಕು, ನಾಲ್ಕೂ ಇಂಡಿಕೇಟರ್ ಹಾಕಬೇಕು, ಮೊದಲು ಮನುಷ್ಯರನ್ನು ನೋಡಬೇಕು, ಫೋಟೋ ಗೀಟೋ ಎಲ್ಲ ಆಮೇಲೆ.

ಆ ದಿನ ಅತ್ತೆಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಮಾಲೂರಿನಿಂದ ಕೋಲಾರಕ್ಕೆ, ನೆಂಟರ ಮನೆಯ ನಾಮಕರಣಕ್ಕೆ ಹೊರಟಿದ್ದೆ. ಮುಂದೊಂದು ಟೆಂಪೋ ತೆವಳುತ್ತಿತ್ತು. ಹಾರ್ನ್ ಹೊಡೆದರೂ ದಾರಿ ಬಿಡದು. ರಸ್ತೆಯುಬ್ಬು ಬಂದಾಗ ಅದು ಬ್ರೇಕ್ ಹಾಕಿತು, ನಾನು ಹಾಕಲಿಲ್ಲ. ಕಾರಿನ ಮೂತಿ ಅಪ್ಪಚ್ಚಿಯಾಯಿತು.

ಎಂಜಿನ್ ಆರಿಸಿದೆ. ಇಂಡಿಕೇಟರ್ ಹಾಕಿದೆ. "ಅತ್ತೆ, ಏನೂ ಆಗಿಲ್ಲ ತಾನೇ?" ಎಂದವಳೇ ಉತ್ತರಕ್ಕೂ ಕಾಯದೆ ಜಗಳಕ್ಕೆ ಇಳಿದೆ. ತಪ್ಪು ನನ್ನದೇ. ಆದರೆ ರಸ್ತೆಯಲ್ಲಿ ಮೊದಲು ದನಿ ಏರಿಸಿದವರದೇ ನ್ಯಾಯ.

ಜಗಳವಾಡಲು ಎದುರಾಳಿಯೇ ಇರಲಿಲ್ಲ. ಟೆಂಪೋದಿಂದ ಇಳಿದವರು ಶಿವಾರಪಟ್ಟಣದ ಒಬ್ಬ ಶಿಲ್ಪಿ. ನನ್ನತ್ತ ತಿರುಗಿಯೂ ನೋಡದೆ ಟೆಂಪೋ ಹಿಂಬದಿಗೆ ಹತ್ತಿ ಹುಲ್ಲು ಸರಿಸತೊಡಗಿದರು. ಹುಲ್ಲಿನೊಳಗೆ ಕರಿಕಲ್ಲಿನ ಗ್ರಾಮದೇವತೆ ಮಲಗಿದ್ದಳು. ಮಾರನೆಯ ದಿನವೇ ಮುಂದಿನ ಊರಿನಲ್ಲಿ ಪ್ರತಿಷ್ಠೆಯಂತೆ. ಉಗುರಿನಷ್ಟು ಚೂರು ಹಾರಿದ್ದರೂ ವಿಗ್ರಹ ಭಿನ್ನ. ಪೂಜೆಗೆ ಬಾರದು, ನೀರಿಗೇ ಬಿಡಬೇಕು. ತಿಂಗಳುಗಟ್ಟಲೆ ಕೆತ್ತಿದ್ದು ಕೆರೆಯ ಪಾಲು.

ಜನ ಸೇರಿದರು. "ಏನಮ್ಮಾ, ಗುದ್ದೋಕೆ ದೇವ್ರೇ ಬೇಕಿತ್ತಾ? ರೋಡಲ್ಲಿ ಬೇರೆ ಯಾರೂ ಸಿಗ್ಲಿಲ್ವಾ?" ಎಂದರು ಹಾಲಿನ ಕ್ಯಾನ್ ಹಿಡಿದಿದ್ದವರೊಬ್ಬರು. "ಏನಾದ್ರೂ ಮುಕ್ಕಾಗಿದ್ರೆ ಆ ಊರೋರು ನಿಮ್ಮನ್ನ ಬಿಡಲ್ಲ."

ನಾನೂ ಟೆಂಪೋ ಹತ್ತಿದೆ. ಶಿಲ್ಪಿ ದೇವಿಯ ಮೂಗು ಸವರಿದರು, ಕಿವಿ ಸವರಿದರು. ನಾಲ್ಕು ಕೈಗಳ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಅವರು ಮುಟ್ಟಿದ್ದನ್ನೆಲ್ಲ ನಾನೂ ಮುಟ್ಟಿ ನೋಡಿದೆ. ಕೊನೆಗೆ ಅವರು ಹುಲ್ಲಿನ ಮೇಲೇ ಕುಸಿದು ಕೂತು, "ಏಮೀ ಕಾಲೇದಮ್ಮಾ, ಏನೂ ಆಗಿಲ್ಲ" ಎಂದು ಕಣ್ಣೊರೆಸಿಕೊಂಡರು. ನನಗೆ ಹೋದ ಜೀವ ಬಂದಂತಾಯಿತು.

ಆ ಖುಷಿಯಲ್ಲಿ ಅತ್ತೆಯನ್ನು ಕೂಗಿ ಕರೆದೆ. ಅವರು ನಿಧಾನಕ್ಕೆ ಇಳಿದು ಬಂದು, ದೇವಿಯ ಮುಂದೆ ನಿಂತು, ಒಂದೇ ಕೈಯನ್ನು ಹಣೆಗೆ ಮುಟ್ಟಿಸಿದರು.

"ಅದೇನತ್ತೆ, ಪೊಲೀಸ್ನೋರ ಸೆಲ್ಯೂಟ್ ಥರ? ಎರಡೂ ಕೈ ಜೋಡಿಸಿ ಮುಗೀರಿ."

"ಇನ್ನೊಂದು ಏಳ್ತಿಲ್ಲ ಕಣೇ."

ಸೆರಗು ಸರಿಸಿ ನೋಡಿದರೆ ಮಣಿಕಟ್ಟು ಊದಿಕೊಂಡು ಬಳೆಗಳು ಬಿಗಿದುಹೋಗಿದ್ದವು. ನನಗೆ ರೇಗಿತು. "ಆಗ್ಲೇ ಬಾಯಿ ಬಿಟ್ಟು ಹೇಳಬಾರದಿತ್ತಾ?"

"ಅವಳಿಗೆ ಏನಾದ್ರೂ ಆಗಿದ್ರೆ ಈ ಜನ ನಿನ್ನ ಸುಮ್ನೆ ಬಿಡ್ತಿದ್ರಾ? ಅದೇ ದಿಗಿಲಲ್ಲಿ ನಂಗೆ ನೋವೇ ಗೊತ್ತಾಗ್ಲಿಲ್ಲ, ಬಿಡು."

ನಡುರಸ್ತೆಯಲ್ಲಿ, ಅಷ್ಟು ಜನರೆದುರು, ನಾನು ಗೊಳೋ ಎಂದು ಅತ್ತುಬಿಟ್ಟೆ. ಆಸ್ಪತ್ರೆಗೆ ಕರೆದೊಯ್ಯಲು ಶಿಲ್ಪಿ ದೇವಿಯ ಪಕ್ಕದಲ್ಲಿ ಹುಲ್ಲು ಹರಡಿ ಅತ್ತೆಗೆ ಜಾಗ ಮಾಡತೊಡಗಿದರು.