ಜಗಳವಿಲ್ಲದ ನಾಟಕ

ನನ್ನ ನಾಟಕದ ನಾಲ್ಕನೆಯ ಪುಟದಲ್ಲಿ, ಮಗಳು ಅಪ್ಪನಿಗೆ ಎದುರಾಡುವ ಸಾಲಿನ ಮೇಲೆ, ವಿಭೂತಿ ಮೆತ್ತಿದ ಹೆಬ್ಬೆಟ್ಟಿನ ಗುರುತಿತ್ತು. ಅದು ದೊಡ್ಡಪ್ಪನದು. ಮೈಸೂರಿನಲ್ಲಿ ಬಿ.ಎ. ಮುಗಿಸಿ ಮಧುಗಿರಿಯ ಹೆಣ್ಣುಮಕ್ಕಳ ಶಾಲೆಗೆ ಉಪಾಧ್ಯಾಯಿನಿಯಾಗಿ ಬಂದ ವರ್ಷ, ನನ್ನ ವಿದ್ಯಾರ್ಥಿನಿಯರಿಗಾಗಿ ಆ ನಾಟಕ ಬರೆದಿದ್ದೆ. ಆಡಲು ನಮಗೆ ದೊರೆತಿದ್ದ ಜಾಗ ದೊಡ್ಡಪ್ಪನ ಮನೆಯ ಅಂಗಳ ಒಂದೇ. ಲಿಂಗಪೂಜೆಯಾಗದೆ ಅವರು ಹನಿ ನೀರೂ ಮುಟ್ಟುತ್ತಿರಲಿಲ್ಲ.

ನಾಟಕದಲ್ಲಿ ಮಗಳು ಲಿಂಗ ಕಟ್ಟದ ಗೆಳತಿಯ ಮನೆಯಲ್ಲಿ ನೀರು ಕುಡಿದು ಬರುತ್ತಾಳೆ. ಅಪ್ಪ ಹೊಸಿಲಲ್ಲೇ ತಡೆಯುತ್ತಾನೆ. "ಬಾಯಾರಿತ್ತು, ಕುಡಿದೆ. ಇದರಲ್ಲಿ ಪಾಪ ಎಲ್ಲಿದೆ?" ಎನ್ನುತ್ತಾಳೆ ಅವಳು.

"ಈ ಮಾತು ತೆಗಿ. ಅವ್ಳು ಅಪ್ಪನ ಕಾಲಿಗೆ ಬೀಳ್ಲಿ," ಎಂದರು ದೊಡ್ಡಪ್ಪ.

"ಹಂಗಾದ್ರೆ ನಾಟಕ ಎಲ್ಲಿ ಉಳೀತು ದೊಡ್ಡಪ್ಪ?"

"ನಾಟಕವೋ ನಿಜವೋ, ಆಡಿದ್ ಮಾತು ಆಡಿದ್ದೇ ಕಣಮ್ಮ. ನಮ್ಮಂಗಳದಾಗೆ ಬ್ಯಾಡ."

ಒಳಗಿನಿಂದ ದೊಡ್ಡಮ್ಮ, "ಹೋದ್ ವರ್ಸ ನಾಟಕದಾಗೆ ರಾಕ್ಷಸನ ಯೇಸ ಹಾಕಿ ದೇವ್ರನ್ನೇ ಬೈದೋನ್ಗೆ ನೀವೇ ಶಾಲು ಹೊದಿಸ್ಬುಟ್ರಲ್ಲ," ಎಂದರು.

"ಅವ್ನು ಕೊನೇಲಿ ಸಾಯ್ತಾನೆ ಕಣೇ. ಇವ್ಳು ನೆಟ್ಟಗೆ ನಿಂತವ್ಳೆ."

ಆಮೇಲೆ ಅವರು ಅಪ್ಪನ ಮಾತುಗಳೆಲ್ಲ ಬಹಳ ಚೆನ್ನಾಗಿವೆಯೆಂದು ಹೊಗಳಿದರು. ಆ ಅಪ್ಪನನ್ನು ನಾನು ಅವರನ್ನು ನೋಡಿಯೇ ಬರೆದಿದ್ದೆ. ಅದು ಅವರಿಗೆ ತಿಳಿಯಲೇ ಇಲ್ಲ. ಇಂಥವರೊಡನೆ ವಾದಿಸುವುದು ಹೇಗೆಂದು ಯಾವ ತರಗತಿಯಲ್ಲೂ ಯಾರೂ ನನಗೆ ಕಲಿಸಿರಲಿಲ್ಲ.

ಕಾಲಿಗೆ ಬೀಳುವ ಮಗಳನ್ನು ಬರೆಯಲು ಸಂಜೆಯವರೆಗೆ ಕುಳಿತೆ. ಒಂದು ಸಾಲೂ ಮೂಡಲಿಲ್ಲ. ಮರುದಿನ ಬೆಳಿಗ್ಗೆ ಶಾಲೆಗೆ ಹೋಗಿ, ಮಗಳ ಪಾತ್ರವನ್ನು ಪೂರ್ತಿ ಬಾಯಿಪಾಠ ಮಾಡಿದ್ದ ಹುಡುಗಿಯನ್ನು ಮೊದಲು ಕರೆದು, ನಾಟಕ ಇಲ್ಲವೆಂದು ಹೇಳಿದೆ.