ಬಲಕ್ಕೆ ಹೊರಳಿದಾಗಿನ ಸಪ್ಪಳ

ಅಫಜಲಪುರದ ನಮ್ಮ ಮನೆಗೆ ಹಳೆಯ ಬಿಳಿ ಕಾರು ಬಂದ ವರ್ಷವೇ ಮೈದುನನ ಹೆಂಡತಿಯಾಗಿ ನೆಗೆಣ್ಣಿಯೂ ಬಂದಳು. ಕಾರನ್ನು ಅಣ್ಣತಮ್ಮಂದಿರು ಸೇರಿ ಕೊಂಡಿದ್ದರು. ಆದರೆ ಅವರಿಬ್ಬರೂ ಬೈಕಿನ ಮೇಲೆ ಹೊಲಕ್ಕೆ ಹೋಗುವವರು. ಹೀಗಾಗಿ ಕಾರು ಒಂದು ವಾರ ಶಾಲೆಗೆ ಪಾಠ ಹೇಳಲು ಹೋಗುವ ನನಗೆ, ಒಂದು ವಾರ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅವಳಿಗೆ.

ನಾನು ಕಿಣ್ಣಿ ಸುಲ್ತಾನದವಳು. ತವರಿನಲ್ಲಿ ಹೆಣ್ಣುಮಕ್ಕಳು ಸೈಕಲ್ಲನ್ನೂ ಮುಟ್ಟುತ್ತಿರಲಿಲ್ಲ. ನಲವತ್ತು ದಾಟಿದ ಮೇಲೆ, ಕ್ಲಚ್ ಬಿಡುವಾಗಲೆಲ್ಲ ಉಸಿರು ಬಿಗಿಹಿಡಿದು ಡ್ರೈವಿಂಗ್ ಕಲಿತೆ. ಅವಳು ಇಜೇರಿಯವಳು, ಅಪ್ಪನ ಟ್ರ್ಯಾಕ್ಟರ್ ಹೊಡೆದು ಬೆಳೆದವಳು. ಒಂದೇ ಕೈಯಲ್ಲಿ ಸ್ಟೇರಿಂಗ್ ಹಿಡಿದು, ರಿವರ್ಸ್‌ನಲ್ಲಿ ಬಂದು ಮನೆಯ ಪಕ್ಕದ ಸಂದಿಯಲ್ಲಿ ಕಾರು ನಿಲ್ಲಿಸುತ್ತಿದ್ದಳು. ಓಣಿಯವರು ನಿಂತು ನೋಡುತ್ತಿದ್ದರು. ನಾನು ನಿಲ್ಲಿಸುವಾಗಲೂ ನೋಡುತ್ತಿದ್ದರು, ಆದರೆ ಸ್ವಲ್ಪ ದೂರ ಸರಿದು.

ಅತ್ತೆಗಂತೂ ಅವಳು ಮಾಡಿದ್ದೆಲ್ಲ ಚಂದ. ರೊಟ್ಟಿ ಚಂದ, ನಡೆ ಚಂದ, ಈಗ ಗಾಡಿ ಹೊಡೆಯುವುದೂ ಚಂದ. ಹದಿನೆಂಟು ವರ್ಷ ಆ ಮನೆಯಲ್ಲಿ ರೊಟ್ಟಿ ಬಡಿದ ನನಗೆ ಇದನ್ನು ದಿನವೂ ಕೇಳಬೇಕಾಗುತ್ತಿತ್ತು.

ಅಂಥದರಲ್ಲಿ ಆ ಸಪ್ಪಳ ಶುರುವಾಯಿತು. ಬೆಳಿಗ್ಗೆ ಶಾಲೆಗೆ ಹೊರಟು ಓಣಿಯಲ್ಲಿ ಕಾರು ಹೊರಳಿಸುವಾಗ ಕಟ್-ಕಟ್-ಕಟ್, ಯಾರೋ ಒಂದೇ ಸಮನೆ ಬೆರಳಿನ ಲಟಿಗೆ ಮುರಿದಂತೆ. ನೆಟ್ಟಗೆ ಓಡುವಾಗ ಏನೂ ಇಲ್ಲ. ಗಂಡನಿಗೆ ಹೇಳಿದೆ. ಅವರು ಬಸ್‌ಸ್ಟ್ಯಾಂಡಿನ ತನಕ ಓಡಿಸಿ ಬಂದು, "ಏನೂ ಇಲ್ಲಲ್ಲ" ಎಂದರು. ನೆಗೆಣ್ಣಿಯನ್ನು ಕೇಳಿದರೆ ಅವಳಿಗೂ ಕೇಳಿಸಿರಲಿಲ್ಲ.

"ಆಕಿ ಹೊಡದ್ರ ಸುಮ್ಮನ ಇರ್ತದ, ನೀ ಹೊಡದ್ರ ಒದರ್ತದ," ಎಂದರು ಅತ್ತೆ. "ಗಾಡಿಗೂ ಕೈ ಗೊತ್ತಾಗ್ತದವ್ವ."

ಅಂದಿನಿಂದ ಅವಳ ವಾರ ಬಂದಾಗ ನಾನು ಕಿಟಕಿಯ ಬಳಿ ನಿಂತು ಕಿವಿಗೊಡುತ್ತಿದ್ದೆ. ಒಮ್ಮೆಯಾದರೂ ಸಪ್ಪಳ ಬರಲಿ ಎಂದು ಬಯಸುತ್ತಿದ್ದೆ. ಬರುತ್ತಿರಲಿಲ್ಲ.

ತೊಗರಿ ರಾಶಿಯ ಹೊತ್ತಿಗೆ ಇಜೇರಿಯಲ್ಲಿ ಅವಳ ಬಸುರಿ ತಂಗಿಯ ಕುಬಸ, ಸೀಮಂತದ ಕಾರ್ಯ, ಬಂತು. ಗಂಡಸರಿಗೆ ಹೊಲ ಬಿಟ್ಟು ಬರಲಾಗಲಿಲ್ಲ. ಅವಳು ಗಾಡಿ ಹೊಡೆದಳು, ನಾನು ಪಕ್ಕದಲ್ಲಿ, ಹಿಂದೆ ಶೇಂಗಾ ಹೋಳಿಗೆಯ ಡಬ್ಬಿ ಹಿಡಿದ ಅತ್ತೆ. ಅವಳು ಏನೇನೋ ಮಾತಾಡುತ್ತಿದ್ದಳು. ನನ್ನ ಗಮನವೆಲ್ಲ ಗಾಲಿಗಳ ಮೇಲೆ. ಆದರೆ ದಾರಿ ನೆಟ್ಟಗಿತ್ತು.

ಜೇವರ್ಗಿಯಲ್ಲಿ ಅತ್ತೆ, "ಏ ಹೂ ತೊಗೊಳ್ಳೋದು ಮರತ್ವಿ, ಹೊರಳಸು" ಎಂದರು. ಅವಳು ಸ್ಟೇರಿಂಗನ್ನು ಪೂರ್ತಿ ಬಲಕ್ಕೆ ತಿರುಗಿಸಿದಳು. ಕಟ್-ಕಟ್-ಕಟ್.

ನನಗಾದ ಖುಷಿಯನ್ನು ಏನೆಂದು ಹೇಳಲಿ! ಹಿಂದೆ ತಿರುಗಿ, "ಅತ್ತಿ, ಕೇಳ್ರಿ! ಈಗ ಯಾರು ಹೊಡ್ಯಾಕತ್ತಾರ?" ಎಂದೆ.

"ರಸ್ತಾ ಖರಾಬ ಅದ," ಎಂದರು ಅತ್ತೆ.

"ರಸ್ತಾ ಅಲ್ರಿ ಅತ್ತಿ. ಅಕ್ಕ ಹೇಳಿದ ಆವಾಜ ಇದೇ," ಎಂದ ನೆಗೆಣ್ಣಿ ಕಾರನ್ನು ಪಕ್ಕದ ಬಯಲಿಗೆ ಇಳಿಸಿ ನಿಲ್ಲಿಸಿದಳು. "ಅಕ್ಕಾ, ನೀವು ಹೊಡೀರಿ. ಸಾವಕಾಶ ಸುತ್ತ ಹಾಕ್ರಿ. ನಾ ಬಾಜೂಕ ನಡೀತೇನಿ."

ಎಡಕ್ಕೆ ಸುತ್ತು ಹಾಕಿದೆ, ಏನೂ ಇಲ್ಲ. ಬಲಕ್ಕೆ ಹಾಕಿದೆ, ಸಪ್ಪಳ ಬಂತು. ಅವಳು ಸೀರೆ ಎತ್ತಿ ಕಟ್ಟಿ ಕಾರಿನ ಜೊತೆಗೇ ನಡೆಯುತ್ತ, "ಎಡಗಡಿ ಮುಂದಿನ ಗಾಲ್ಯಾಗ ಬರಾಕತ್ತದ!" ಎಂದು ಕೂಗಿದಳು.

ಬಲಕ್ಕೆ ಹೊರಳಿದರೆ ಎಡಗಾಲಿಯಲ್ಲೇಕೆ? ಅಷ್ಟು ನನಗೆ ಹೊಳೆಯಿತು. "ಹೊರಗಿನ ಗಾಲಿ ದೊಡ್ಡ ಸುತ್ತ ಹಾಕ್ತದ, ಭಾರಾನೂ ಅದರ ಮ್ಯಾಲೆ ಬೀಳ್ತದ," ಎಂದೆ. ಹಾಗೆನ್ನುತ್ತಲೇ ಇನ್ನೊಂದೂ ತಿಳಿಯಿತು. ನಾನು ಕಾರನ್ನು ಮೂತಿ ಮುಂದಾಗಿ ಸಂದಿಗೆ ನುಗ್ಗಿಸುವವಳು. ಬೆಳಿಗ್ಗೆ ಹಿಂದಕ್ಕೆ ತೆಗೆದು, ಇಕ್ಕಟ್ಟಿನ ಓಣಿಯಲ್ಲಿ ಸ್ಟೇರಿಂಗ್ ಪೂರ್ತಿ ಬಲಕ್ಕೆ ತಿರುವಿಯೇ ಹೊರಳಿಸಬೇಕು. ರಿವರ್ಸ್‌ನಲ್ಲಿ ನಿಲ್ಲಿಸುವ ಅವಳು ನೆಟ್ಟಗೆ ಹೊರಟುಬಿಡುತ್ತಾಳೆ. ಅಲ್ಲಿಯೂ ಅವಳ ಜಾಣತನವೇ ಗೆದ್ದಿತ್ತು. ಆ ಮಾತನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ.

ಅವಳು ಬಗ್ಗಿ ಗಾಲಿಯ ಹಿಂದೆ ಕೈಹಾಕಿದಳು. ಬೆರಳಿಗೆ ಕರಿ ಗ್ರೀಸು ಮೆತ್ತಿಕೊಂಡು ಬಂತು. "ರಬ್ಬರ್ ಹರದದ ಅಕ್ಕಾ."

ಹತ್ತಿರದ ಗ್ಯಾರೇಜಿನವರು ಗಾಡಿ ಎತ್ತಿ ನೋಡಿ ಅದನ್ನೇ ಹೇಳಿದರು. ಗಾಲಿಯನ್ನು ತಿರುಗಿಸುವ ಎಕ್ಸೆಲ್ಲಿನ ಜಾಯಿಂಟಿಗೆ ಹೊದಿಸಿದ ರಬ್ಬರ್ ಹರಿದು, ಗ್ರೀಸ್ ಸೋರಿ, ಒಳಗೆ ಧೂಳು ಸೇರಿ, ಗುಂಡುಗಳು ಸವೆದಿದ್ದವು. ಹಾಗೇ ಓಡಿಸಿದ್ದರೆ ಎಂದಾದರೂ ದಾರಿಯಲ್ಲೇ ಕೈಕೊಡುತ್ತಿತ್ತಂತೆ. ಹೊಸ ಜಾಯಿಂಟ್ ಹಾಕಿಸಿಕೊಂಡು ಇಜೇರಿ ಮುಟ್ಟುವಷ್ಟರಲ್ಲಿ ಆರತಿ ಮುಗಿದು ಊಟದ ಪಂಕ್ತಿ ಕೂತಿತ್ತು.

ತಡವಾದದ್ದೇಕೆಂದು ಕೇಳಿದವರಿಗೆಲ್ಲ ಅತ್ತೆ, "ನಮ್ಮ ಸಣ್ಣ ಸೊಸಿ ದಾರ್ಯಾಗ ಗಾಡೀ ಬ್ಯಾನಿ ಏನಂತ ಕಂಡಹಿಡದ್ಳು ನೋಡ್ರಿ" ಎಂದು ಹೇಳತೊಡಗಿದರು. ನಾನು ಪಂಕ್ತಿಯಲ್ಲಿ ಕೂತು ಕೇಳುತ್ತಿದ್ದೆ. ಅಷ್ಟರಲ್ಲಿ ಬಡಿಸುತ್ತಿದ್ದ ನೆಗೆಣ್ಣಿ ನಿಂತು, "ನಾ ಅಲ್ರಿ, ಅಕ್ಕ ಕಂಡಹಿಡದಿದ್ದು. ಎಷ್ಟೋ ದಿನದಿಂದ ಹೇಳಾಕತ್ತಿದ್ರು, ನಾವೇ ಕೇಳ್ಲಿಲ್ಲ" ಎಂದಳು.

ನನಗೆ ಬೇಕಾದದ್ದು ಅದೇ ಮಾತು. ಆದರೆ ಹೆಂಗಸರೆಲ್ಲ ನನ್ನತ್ತ ನೋಡದೆ ಅವಳತ್ತ ನೋಡಿದರು. "ಎಷ್ಟ ದೊಡ್ಡ ಮನಸು ಈ ಹುಡುಗೀದು," ಎಂದು ನನ್ನ ಪಕ್ಕದವಳು ನನಗೇ ಹೇಳಿದಳು. ನಾನು "ಹೌದ್ರಿ" ಎಂದೆ. ನಿಜ ನನ್ನ ಪಾಲಿಗೆ ಬಂತು, ಹೊಗಳಿಕೆ ಮತ್ತೆ ಅವಳ ಪಾಲಿಗೇ ಹೋಯಿತು. ಅವಳು ಸುಳ್ಳು ಹೇಳಿದ್ದರೆ ಕನಿಷ್ಠ ಸಿಟ್ಟಾದರೂ ಮಾಡಬಹುದಿತ್ತು.

ಮಧ್ಯಾಹ್ನ ಹೊರಡುವಾಗ ಕೀಲಿಯನ್ನು ನನ್ನ ಕೈಗಿಟ್ಟು, "ನಂಗ ನಿದ್ದಿ ಬರಾಕತ್ತದ ಅಕ್ಕಾ" ಎಂದಳು. ಊರು ದಾಟುವುದರೊಳಗೆ ಅವಳೂ ಮಲಗಿದಳು, ಹಿಂದೆ ಅತ್ತೆಯೂ ಮಲಗಿದರು. ಒಂದು ಕಡೆ ಎತ್ತಿನ ಬಂಡಿಯೊಂದು ಅಡ್ಡ ನಿಂತಿತ್ತು. ಅದನ್ನು ಬಳಸಿ ಹೋಗಲು ಕಾರನ್ನು ಪೂರ್ತಿ ಬಲಕ್ಕೆ ಹೊರಳಿಸಿದೆ. ಒಂದಿಷ್ಟೂ ಸಪ್ಪಳವಿಲ್ಲ. ಅತ್ತೆಯನ್ನು ಎಬ್ಬಿಸಿ ತೋರಿಸಬೇಕೆನಿಸಿತು. ಇಲ್ಲದ ಸಪ್ಪಳವನ್ನು ತೋರಿಸುವುದು ಹೇಗೆಂದು ತಿಳಿಯದೆ, ಸುಮ್ಮನೆ ಮುಂದೆ ಓಡಿಸಿದೆ.